ಗೌರವ್ವ ಗೋಡೆ ಏರಿದ ಬೇಸಿಗೆ

ಅಗಸೆ ಎಣ್ಣೆಯ ವಾಸನೆ ಬಂದರೆ ನಮ್ಮ ಕಡೆಯವರಿಗೆ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಹಿಂಡಿಪುಡಿ ನೆನಪಾಗಿ ಹೊಟ್ಟೆ ಚುರುಗುಡುತ್ತದೆ. ನನಗೆ ಮಾತ್ರ ಯಾರ ಜೊತೆಗಾದರೂ ಜಗಳ ತೆಗೆಯುವ ಹುರುಪು ಬರುತ್ತದೆ. ಮೊನ್ನೆ ಸಿಂದಗಿಯಲ್ಲಿ ಬಸ್ಸಿಳಿದು ಒಂದು ಎಣ್ಣೆ ಗಾಣದ ಮುಂದೆ ಹಾಯುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ನಿಂತು ಮೀಸೆ ತಿರುವಿದೆ. ಗಾಣದವನು "ಏನ್ ಕೊಡ್ಲಿರಿ ಅಜ್ಜಾರ?" ಅಂದ. "ಯಾರರ ನನ್ನ ಎದುರು ನಿಲ್ಲಾವ್ರಿದ್ರ ಒಬ್ಬರನ್ನ ಕೊಡು" ಅಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಎತ್ತಿಗೆ ಹಾಕುವ ಹಿಂಡಿ ಕಾಲು ಕಿಲೋ ಕಟ್ಟಿ ಕೈಗಿಟ್ಟ.

ಈ ಎಣ್ಣೆಯಲ್ಲಿ ಬಣ್ಣ ಕಲಸಿ ಚಿತ್ರ ಬರೆಯುತ್ತಾರೆ ಅನ್ನುವುದು ತಲೆ ಪೂರ್ತಿ ನೆರೆಯುವವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ. ಆ ಬೇಸಿಗೆ, ಅದರ ಬೆನ್ನಿಗೆ ಬಂದ ಮುಂಗಾರು, ಎರಡರಲ್ಲೂ ನಮ್ಮ ಮನೆ ಒಂದು ಮೊಳೆಯ ಸಲುವಾಗಿ ಊರನ್ನೆಲ್ಲ ಎದುರು ಹಾಕಿಕೊಂಡಿತು. ನಾವೇ ಗೆದ್ದೆವು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೋತ ಕತೆ ಬರೆಯುವ ಅಭ್ಯಾಸ ನನಗಿಲ್ಲ.

ನನ್ನನ್ನು ಅರಿಯದವರು ನಮ್ಮೂರು ಇಂಡಿಯಲ್ಲಿ ಕಡಿಮೆ. ಲಿಂಬೆಯ ದಲಾಲಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಒಂದು ಹಣ್ಣು ಮೂಸಿ ಅದು ಯಾರ ಬಾವಿಯ ನೀರು ಕುಡಿದದ್ದು ಅಂತ ಹೇಳುತ್ತಿದ್ದೆ. ಹತ್ತರಲ್ಲಿ ನಾಲ್ಕು ಸಲ ನಿಜವೂ ಆಗುತ್ತಿತ್ತು. ಒಮ್ಮೆ ಹೊಸದಾಗಿ ಬಂದ ಟೆಂಪೋ ಡ್ರೈವರನಿಗೆ, ಪಕ್ಕದ ಸಾಲೋಟಗಿಯ ಕಲ್ಲಿನ ಶಾಸನವನ್ನು ಗಟ್ಟಿಯಾಗಿ ಓದದೆ ಗಾಡಿ ದಾಟಿಸಿದರೆ ದಂಡ ಹಾಕುತ್ತಾರೆ ಅಂತ ನಂಬಿಸಿದ್ದೆ. ಪಾಪ, ಪ್ಯಾಸೆಂಜರುಗಳನ್ನು ಗಾಡಿಯಲ್ಲೇ ಕೂರಿಸಿ ಕಲ್ಲಿನ ಮುಂದೆ ಕೈಕಟ್ಟಿ ನಿಂತು ತಿಣುಕುತ್ತಿದ್ದ. ಇಂಥವನನ್ನು ಸೋಲಿಸಿದ್ದು ಇಬ್ಬರೇ. ಒಬ್ಬಳು ಸಲ್ಮಾ. ಇನ್ನೊಬ್ಬಳು ನಾನು ಕಟ್ಟಿಕೊಂಡವಳು.

ಆ ವರ್ಷ ಯುಗಾದಿ ಮುಗಿದ ಮೇಲಿನ ಸಂತೆ. ಒಣಮೆಣಸಿನಕಾಯಿಯವರ ಸಾಲಿನ ಕೊನೆಯಲ್ಲಿ ಎರಡು ಬೇವಿನ ಗಿಡಗಳ ನಡುವೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ, ಒಬ್ಬ ಹುಡುಗಿ ಕಪ್ಪು ಬಿಳುಪು ಚಿತ್ರಗಳನ್ನು ತೂಗುಬಿಟ್ಟಿದ್ದಳು. ಕೆಣಕದೆ ಮುಂದೆ ಹೋಗುವುದು ನನ್ನ ಜಾತಕದಲ್ಲೇ ಇಲ್ಲ.

"ಏನ್ ತಂಗಿ, ಅರಿವಿ ಇನ್ನಾ ಒಣಗಿಲ್ಲೇನು?"

ಆಕೆ ತಲೆ ಎತ್ತಲಿಲ್ಲ. "ಒಣಗ್ಯಾವ ಕಾಕಾ. ಮೈಗೆ ಹಾಕ್ಕೊಳ್ಳುವಲ್ಲ ಇವು, ಕಣ್ಣಿಗೆ ಹಾಕ್ಕೊಳ್ಳುವು."

ಅಲ್ಲಿಗೆ ನನಗೆ ಅರ್ಧ ಸೋಲು. ಸಿಂದಗಿಯ ದರ್ಜಿಯೊಬ್ಬರ ಮಗಳು, ಆಕೆಯೇ ಸಲ್ಮಾ. ಚಿತ್ರಕಲೆ ಕಲಿತು ಬಂದು ಒಂದು ಸಾಲೆಯಲ್ಲಿ ಕೆಲಸಕ್ಕೆ ಸೇರಿದ್ದಳಂತೆ. ಅಲ್ಲಿ ಕಂಪೌಂಡಿನ ಮೇಲೆ ಘೋಷಣೆ ಬರೆಸುವುದು ಬಿಟ್ಟು ಬೇರೆ ಏನೂ ಮಾಡಿಸಲಿಲ್ಲವೆಂದು ಬಿಟ್ಟುಬಂದು, ತನ್ನ ಚಿತ್ರ ತಾನೇ ಮಾಡಿ ತಾನೇ ಮಾರುತ್ತಿದ್ದಳು. ಹಲಗೆಯ ಮೇಲೆ ಚಿತ್ರ ಕೆತ್ತಿ, ಮಸಿ ಸವರಿ, ಮೇಲೆ ಕಾಗದ ಹಾಸಿ, ಸಾರು ಬಡಿಸುವ ಸ್ಟೀಲಿನ ಸೌಟಿನ ಬೆನ್ನಿನಿಂದ ತಿಕ್ಕುವುದು. ಮಷೀನಿಲ್ಲ, ಕರೆಂಟಿಲ್ಲ. ಹಾಗೆ ತಿಕ್ಕಿ ತೆಗೆದ ಒಂದು ಚಿತ್ರದ ಮುಂದೆ ನನ್ನ ಕಾಲು ನಿಂತವು. ಲಿಂಬೆ ರಾಶಿಯ ಸುತ್ತ ಕುಳಿತು ಹಣ್ಣು ಆರಿಸುವ ಹೆಂಗಸರು. ನನ್ನದೇ ಅಡತಿ ಅಂಗಡಿಯ ನೆರಳು, ನನ್ನದೇ ರಾಶಿ ಅನ್ನಿಸಿತು.

ಬೆಲೆ ಕೇಳಿದೆ. ಹೇಳಿದಳು. ನಾನು ಹೆಗಲ ಮೇಲಿನ ಹೊಸ ಟವೆಲ್ ತೆಗೆದು ಕೈಮೇಲೆ ಹೊದಿಸಿ ಮುಂದೆ ಚಾಚಿದೆ. ನಮ್ಮ ದನದ ಸಂತೆಯ ವ್ಯವಹಾರ ಹಾಗೆ. ಬಾಯಿ ಬಿಡುವಂತಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ಕುದುರಿಸಬೇಕು. ಅದರಲ್ಲಿ ನನ್ನನ್ನು ಮೀರಿಸಿದವನು ಈ ತಾಲೂಕಿನಲ್ಲಿಲ್ಲ. ಸಲ್ಮಾ ನಕ್ಕು, ಟವೆಲ್ಲಿನೊಳಗೆ ಕೈ ಹಾಕಿ ನನ್ನ ಅಂಗೈಯನ್ನು ಗಟ್ಟಿಯಾಗಿ ಹಿಡಿದಳು. ಬಟ್ಟೆ ಸರಿಸಿ ನೋಡುತ್ತೇನೆ: ನನ್ನ ಕೈಯೂ ಕಪ್ಪು, ಟವೆಲ್ಲೂ ಕಪ್ಪು. ಅವಳ ಬೆರಳಿಗೆಲ್ಲ ಹಸಿ ಮಸಿ.

"ಕಾಕಾ, ಈಗ ಆ ಟವೆಲ್ಲೂ ಚಿತ್ರಾನ ಆತು. ಅದರ ರೊಕ್ಕಾ ಬ್ಯಾರೆ."

ಮೆಣಸಿನಕಾಯಿಯವರೆಲ್ಲ ಘೊಳ್ಳೆಂದು ನಕ್ಕರು. ಜೀವಮಾನದಲ್ಲಿ ಮೊದಲ ಸಲ ಕೇಳಿದಷ್ಟು ಕೊಟ್ಟು ಸಾಮಾನು ತಂದೆ.

ಚಹಾದಂಗಡಿಯಲ್ಲಿ ಗೆಳೆಯರ ಮುಂದೆ ಸುರುಳಿ ಬಿಚ್ಚಿದೆ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಹನ್ನೆರಡರ ಮೇಲೆ ಮೂರು ಅಂತ ಬರೆದಿತ್ತು. ಒಬ್ಬ ಕನ್ನಡಕ ಏರಿಸಿ ಓದಿ, "ಹನ್ನೆರಡಕ್ಕ ಮೂರಲೇ! ನಪಾಸಾದ ಚಿತ್ರಾ ಯಾಕ ತಂದಿ?" ಅಂದ. "ಸಪ್ಲಿಮೆಂಟರಿ ಕಟ್ಟಿಸೇನಿ, ಪಾಸಾಕ್ಕೈತಿ" ಅಂದೆ ನಾನು. ಆಮೇಲೆ ಸಲ್ಮಾ ಹೇಳಿಕೊಟ್ಟದ್ದನ್ನು ನನ್ನದೇ ಜ್ಞಾನವೆಂಬಂತೆ ಬಿಟ್ಟೆ: ಆ ಹಲಗೆಯಿಂದ ತೆಗೆದದ್ದು ಹನ್ನೆರಡೇ ಚಿತ್ರ, ಇದು ಅದರಲ್ಲಿ ಮೂರನೆಯದು, ಹನ್ನೆರಡು ಆದ ಮೇಲೆ ಹಲಗೆಯ ಮೇಲೆ ಗೀರು ಹಾಕಿ ಮುಗಿಸಿಬಿಡುತ್ತಾಳೆ. ಇಡೀ ಭೂಲೋಕದಲ್ಲಿ ಹನ್ನೆರಡು ಮನೆಗೆ ಮಾತ್ರ, ಅದರಲ್ಲಿ ಒಂದು ನಮ್ಮದು. ಅಂದಿನಿಂದ ಅವರ ಚಹಾ ಸಪ್ಪೆಯಾಯಿತು.

ಚಿತ್ರದ ಜೊತೆಗೆ ಸಲ್ಮಾ ಪಥ್ಯವನ್ನೂ ಕಟ್ಟಿಕೊಟ್ಟಿದ್ದಳು. ಬಿಸಿಲು ಬೀಳುವ ಗೋಡೆ ಬೇಡ, ಒಲೆಯ ಹೊಗೆ ಬೇಡ, ಹಿಂದೆ ಅಂಟಿನ ಟೇಪು ಬೇಡ, ಚೌಕಟ್ಟಿನ ಗಾಜು ಕಾಗದಕ್ಕೆ ಹತ್ತಬಾರದು, ಮಳೆಗಾಲದಲ್ಲಿ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿ ಆಡಬೇಕು. "ಇಷ್ಟ ಪಥ್ಯಾ ನನಗ ಡಾಕ್ಟರ್ ಸೈತ ಹೇಳಿಲ್ಲ ತಂಗಿ" ಅಂದಿದ್ದೆ. "ನಿಮ್ಮಂಥವ್ರು ಭಾಳ ಮಂದಿ ಅದಾರ ಕಾಕಾ. ಇವು ಹನ್ನೆರಡ" ಅಂದಿದ್ದಳು.

ಗೌರವ್ವ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಗೌರವ್ವ ಅಂದರೆ ನನ್ನ ಹೆಂಡತಿ. ಮದುವೆಯಾಗಿ ಬಂದ ವರ್ಷದಿಂದ ನಮ್ಮ ಅಡತಿಯಲ್ಲಿ ಲಿಂಬೆ ಆರಿಸಿದ ಕೈ ಅವಳದು. ಚಿತ್ರದಲ್ಲಿ ಬೆನ್ನು ತೋರಿಸಿ ಕುಳಿತವಳ ಮೇಲೆ ಬೆರಳಿಟ್ಟು, "ಇಕಿ ನನ್ನಂಗ ಕುಂತಾಳ. ಆದ್ರ ಮಾರಿ ಇಲ್ಲ" ಅಂದಳು. ಆಮೇಲೆ ತಿರುಗಿ ಪಡಸಾಲೆಯ ಗೋಡೆ ನೋಡಿದಳು.

ಆ ಗೋಡೆಯ ಬಗ್ಗೆ ಹೇಳಬೇಕು. ನಮ್ಮ ಮನೆಗಳಲ್ಲಿ ಪಡಸಾಲೆಯ ಗೋಡೆ ಸತ್ತವರದು. ಅಪ್ಪ, ಅವ್ವ, ಅಣ್ಣ, ಸಾಲಾಗಿ, ಒಂಚೂರು ಮುಂದಕ್ಕೆ ಬಾಗಿ, ಹಾರ ಹಾಕಿಕೊಂಡು ನಮ್ಮ ಊಟ ನೋಡುತ್ತಿರುತ್ತಾರೆ. ಅಮಾವಾಸ್ಯೆಗೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಹಣೆಗೆ ವಿಭೂತಿ, ಕುಂಕುಮ ಹಚ್ಚುವುದು ಮನೆಯ ಸೊಸೆಯ ಕೆಲಸ. ಬದುಕಿದ್ದವರಿಗೆ ಅಲ್ಲಿ ಮೊಳೆ ಇಲ್ಲ.

"ನಿಮ್ಮವ್ವನ್ನ ನೋಡ್ರಿ" ಅಂದಳು ಗೌರವ್ವ. "ರೇಶನ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸೀರಿ. ಜನ್ಮದಾಗ ಉಡದ ನೀಲಿ ಸೀರಿ ಸ್ಟುಡಿಯೋದಾವ ಉಡಿಸ್ಯಾನ. ನಾಳೆ ನನ್ನೂ ಹಿಂಗ ಏರಸ್ತೀರಿ, ಆಧಾರ್ ಕಾರ್ಡಿಂದ ತಗದು. ಅದರಾಗ ನಾ ಕೋಳಿ ಕದ್ದು ಸಿಕ್ಕಬಿದ್ದಾಕಿಯಂಗ ಕಾಣತೇನಿ."

"ಮತ್ತೇನ್ ಮಾಡೂಣಂತಿ?"

"ಇದ್ದಾಗ ಏರಸ್ರಿ. ನಗಕೋಂತ ಇರಬೇಕು. ನಾನೂ ನೋಡಬೇಕು."

ಅವಳು ನನ್ನ ಹತ್ತಿರ ಬಂಗಾರ ಕೇಳಿದವಳಲ್ಲ, ಯಾತ್ರೆ ಕೇಳಿದವಳಲ್ಲ. ಕೇಳಿದ್ದು ಆ ಗೋಡೆಯಲ್ಲಿ ಒಂದು ಮೊಳೆ. ನಾನು ಸಲ್ಮಾಗೆ ಫೋನು ಹಚ್ಚಿದೆ.

ಆ ಉರಿಬಿಸಿಲಲ್ಲಿ ಸಲ್ಮಾ ಸಿಂದಗಿಯಿಂದ ಬಸ್ಸು ಹತ್ತಿ ಬರುತ್ತಿದ್ದಳು. ಬಣ್ಣದ ಪೆಟ್ಟಿಗೆ, ಸೀಸೆಯಲ್ಲಿ ಅಗಸೆ ಎಣ್ಣೆ. ಅಡತಿಯ ತಗಡಿನ ಕೆಳಗೆ ಲಿಂಬೆ ರಾಶಿಯ ಪಕ್ಕ ಗೌರವ್ವನನ್ನು ಕೂರಿಸಿ ಬರೆಯುವುದು. ಗೌರವ್ವ ಒಂದು ಗಳಿಗೆ ಸುಮ್ಮನೆ ಕೂರುವವಳಲ್ಲ. ಕೈ ತಾನಾಗಿ ಹಣ್ಣು ಆರಿಸುತ್ತಿತ್ತು. ಮುಖ ಮಾತ್ರ ಬಿಗಿ, ಆಧಾರ್ ಕಾರ್ಡಿನಂತೆ. ಆಗ ನಾನು ಸಲ್ಮಾಳ ಬೆನ್ನ ಹಿಂದೆ ನಿಂತು, ಲಿಂಬೆಕಾಯಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ನಮ್ಮ ಅಕ್ಕ ನೀಲಕ್ಕ ಬುದ್ಧಿ ಹೇಳುವ ಹಾಗೆ ಮುಖ ಮಾಡಿದೆ. ಗೌರವ್ವ ಬಿದ್ದು ಬಿದ್ದು ನಕ್ಕಳು. ಸೆರಗು ಜಾರಿತು, ಹಲ್ಲಿಲ್ಲದ ಸಂದು ಕಂಡಿತು, ಬೆವರಿಗೆ ಕುಂಕುಮ ಎಂದೋ ಅಳಿಸಿಹೋಗಿ ಹಣೆ ಬರೀ ಹೊಳೆಯುತ್ತಿತ್ತು. "ಹಂಗ ಇರ್ರಿ ಆಯಿ!" ಅಂತ ಸಲ್ಮಾ ಕೂಗಿದಳು. ಅದೇ ಚಿತ್ರವಾಯಿತು. ಆದ್ದರಿಂದ ಆ ಚಿತ್ರದಲ್ಲಿ ಅರ್ಧ ಪಾಲು ನನ್ನದು. ಸಲ್ಮಾ ಒಪ್ಪುವುದಿಲ್ಲ; ಅದು ಅವಳ ಹಟ.

ಬಸವ ಜಯಂತಿಯ ಹೊತ್ತಿಗೆ ಚಿತ್ರ ಮುಗಿಯಿತು. ಹಣೆಯ ಬೆವರಿನ ಹೊಳಪಿಗೆ ಬಣ್ಣವನ್ನು ದಪ್ಪಗೆ, ಬೆಣ್ಣೆಯ ಹಾಗೆ ಮೆತ್ತಿದ್ದಳು. "ಎಣ್ಣಿ ಬಣ್ಣಾ ಒಣಗಾಕ ತಿಂಗಳಾನುಗಟ್ಟಲೆ ಬೇಕು ಕಾಕಾ. ಮ್ಯಾಲ ಒಣಗಿದಂಗ ಕಂಡ್ರೂ ಒಳಗ ಹಸಿ ಇರತೈತಿ. ಮುಟ್ಟಬ್ಯಾಡ್ರಿ, ಒರಸಬ್ಯಾಡ್ರಿ. ಧೂಳಾತಂದ್ರ ಮೆತ್ತನ ಬ್ರಶ್ಶಿಂದ ಜಾಡಸ್ರಿ, ಅಷ್ಟ" ಅಂದಳು. ನಾನು ಅವ್ವನ ಫೋಟೋದ ಪಕ್ಕದಲ್ಲೇ ಮೊಳೆ ಹೊಡೆದೆ. ಊರಿಗೆ ಕೇಳಲಿ ಅಂತ ಸ್ವಲ್ಪ ಗಟ್ಟಿಯಾಗಿಯೇ ಹೊಡೆದೆ.

ಮೊದಲ ಫಲ ಬಸವನ ಬಾಗೇವಾಡಿಯಿಂದ ಬಂತು. ಗೌರವ್ವನ ದೂರದ ತಮ್ಮನೊಬ್ಬ ಲಗ್ನದ ಕಾರ್ಡು ಕೊಡಲು ಬಂದ. ಒಳಗೆ ಕಾಲಿಟ್ಟವನು ಗೋಡೆ ನೋಡಿದ, ಕಾರ್ಡುಗಳ ಚೀಲ ಕೈಬಿಟ್ಟ, ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಶುರು ಮಾಡಿದ: "ಯವ್ವಾ ಗೌರಕ್ಕಾ! ಒಂದ ಮಾತ ಹೇಳಿ ಕಳಿಸಲಿಲ್ಲಲ್ಲೋ ಮಾವಾ!" ನಾನು ಮುಖ ತಗ್ಗಿಸಿ, ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಭಾಳ ಗಡಿಬಿಡಿ ಆತಪಾ" ಅಂದೆ. ಅವನು ಇನ್ನೂ ಜೋರು ಮಾಡಿದ. ಒಳಗಿಂದ ಗೌರವ್ವ ಚಹಾ ಹಿಡಿದು ಬಂದು, "ಸಕ್ರಿ ಹಾಕ್ಲೇನೋ, ಇಲ್ಲಾ ಶುಗರ್ ಬಂದೈತಿ?" ಅಂದಳು. ಅವನು ಕಿರುಚಿದ್ದು ಸಾಲೋಟಗಿಗೆ ಕೇಳಿಸಿರಬೇಕು.

ನಾವು ನಕ್ಕೆವು. ಊರು ನಗಲಿಲ್ಲ. ಬದುಕಿದ್ದ ಮುತ್ತೈದೆಯನ್ನು ಸತ್ತವರ ಸಾಲಿಗೆ ಏರಿಸಿದ್ದಾನೆ, ಅದೂ ಬೋಳು ಹಣೆಯಲ್ಲಿ, ಸೆರಗಿಲ್ಲದೆ, ಹಲ್ಲು ಕಿಸಿದು ಅಂತ ಮಾತು ಹಬ್ಬಿತು. ಮುದ್ದೇಬಿಹಾಳದಿಂದ ನೀಲಕ್ಕನ ಫೋನು ಬಂತು. ನೀಲಕ್ಕ ನನ್ನನ್ನು ಎತ್ತಿ ಆಡಿಸಿದವಳು, ಭೂಮಿಯ ಮೇಲೆ ನಾನು ಹೆದರುವ ಒಂದೇ ಜೀವ.

"ತಗಿ ಅದನ್ನ. ಬೇಕಾದ್ರ ಅಂಗಡಿಯಾಗ ಸಿಗತೈತಲ್ಲ ಏಳು ಕುದರಿ ಓಡೂ ಪಟಾ, ಅದನ್ನ ಹಾಕು."

"ಅಕ್ಕಾ, ಏಳು ಕುದರಿಗೆ ಎಲ್ಲಿಂದ ಮೇವು ತರಲಿ?"

"ಮಂಗ್ಯಾನಂಥವನ, ಚ್ಯಾಷ್ಟಿ ಬಿಡು!"

ಚೇಷ್ಟೆ ಬಿಡಲಿಲ್ಲ, ಚಿತ್ರವನ್ನೂ ತೆಗೆಯಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಬೇಸಿಗೆಯೆಲ್ಲ ತವರಿನಲ್ಲಿದ್ದ ಸೊಸೆ ಸುಜಾತಾ ಹಿಂದಿನ ಸಂಜೆಯಷ್ಟೇ ಬಂದಿದ್ದಳು. ಚಿತ್ರದ ಪಥ್ಯವನ್ನು ಊರಿಗೆಲ್ಲ ಉಪದೇಶ ಮಾಡಿದ್ದ ನಾನು ಅವಳಿಗೊಬ್ಬಳಿಗೆ ಹೇಳುವುದು ಉಳಿದಿತ್ತು. ಬೆಳಿಗ್ಗೆ ಎದ್ದವಳು ಮಣ್ಣಿನ ಎತ್ತುಗಳ ಪೂಜೆಗೆ ಅಣಿ ಮಾಡಿ, ಅಭ್ಯಾಸದಂತೆ ಸ್ಟೂಲು ಹತ್ತಿ ಒಂದು ಕಡೆಯಿಂದ ಒರೆಸುತ್ತ, ಹಚ್ಚುತ್ತ ಬಂದಿದ್ದಾಳೆ: ಮಾವನ ಅಪ್ಪ, ಮಾವನ ಅವ್ವ, ದೊಡ್ಡ ಮಾವ, ಅತ್ತೆ. ಹೆಬ್ಬೆರಳಿನಿಂದ ಒತ್ತಿ, ಕುಂಕುಮ. ಹಸಿ ಬಣ್ಣ ಅದನ್ನು ಹಿಡಿದುಕೊಂಡುಬಿಟ್ಟಿತು. ತೆಗೆಯಲು ಹೋದರೆ ಇನ್ನಷ್ಟು ಹರಡಿತು. ಎಡ ಹುಬ್ಬಿನ ಕಡೆಗೆ ವಾರೆಯಾಗಿ ಒಂದು ಕೆಂಪು ಗುಡ್ಡೆ.

"ಅತ್ತಿ, ನನ್ನಿಂದ ಏನಾತ್ರಿ ಇದು!" ಅಂತ ಸುಜಾತಾ ಅಳತೊಡಗಿದಳು. ಬದುಕಿದ್ದವಳ ಪಟಕ್ಕೆ, ಸತ್ತವರ ಸಾಲಿನಲ್ಲಿ, ಅಮಾವಾಸ್ಯೆಯ ದಿನ ಕುಂಕುಮ ಹಚ್ಚಿದ್ದಾಳೆ.

"ನನ್ನ ಹಣಿ ಬೋಳ ಐತಿ ಅಂತ ಊರ ತುಂಬ ಅಂದಾರ. ನೀ ತುಂಬಿಸಿದಿ. ಎತ್ತಿಗೆ ನೈವೇದ್ಯ ಆಗಿಲ್ಲ, ನಡಿ" ಅಂದಳು ಗೌರವ್ವ.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಆ ವಾರ ಮಳೆ ಹಿಡಿಯಿತು, ಓಣಿಯಲ್ಲಿ ನೀರು ನಿಂತಿತು, ಸೊಳ್ಳೆ ಎದ್ದವು. ಮನೆಮನೆಗೂ ಜ್ವರ. ನಮ್ಮ ಮನೆಯಲ್ಲಿ ಅದು ಆರಿಸಿ ಹಿಡಿದದ್ದು ಗೌರವ್ವನನ್ನೇ. ಮೈ ಕೆಂಡ, ಕಣ್ಣು ಗುಳಿ. ಡಾಕ್ಟರು ರಕ್ತ ಪರೀಕ್ಷೆ ನೋಡಿ, ಸಲೈನು ಹಚ್ಚಿ, "ಪ್ಲೇಟ್‌ಲೆಟ್ಟು ಇನ್ನೂ ಇಳಿದರೆ ವಿಜಯಪುರಕ್ಕೆ ಒಯ್ಯಬೇಕಾಗುತ್ತದೆ" ಅಂದರು. ಗಾಳಿ ಬರಲೆಂದು ಅವಳ ಮಂಚವನ್ನು ಪಡಸಾಲೆಯಲ್ಲಿ, ಅದೇ ಗೋಡೆಯ ಎದುರಿಗೆ ಹಾಕಿದ್ದೆವು. ಮೇಲೆ ನಗುವ ಗೌರವ್ವ, ಕೆಳಗೆ ನರಳುವ ಗೌರವ್ವ.

ನೋಡಲು ಬಂದವರು ರೋಗಿಯನ್ನು ನೋಡುವ ಮೊದಲು ಗೋಡೆಯನ್ನು ನೋಡುತ್ತಿದ್ದರು. ಸುಜಾತಾ ಅನ್ನ ಬಿಟ್ಟಳು. ನೀಲಕ್ಕ ಮುದ್ದೇಬಿಹಾಳದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ, "ನಿನ್ನ ಹಟಕ್ಕ ಗೌರವ್ವನ್ನ ಕಳಕೊಳ್ಳೂದಿಲ್ಲ ನಾ. ಇಳಸ್ತೀಯೋ, ನಾನ ಏರಲೋ?" ಅಂದಳು. ಎಂಬತ್ತರ ಹತ್ತಿರದ ಮುದುಕಿ ಸ್ಟೂಲಿಗೆ ಕೈ ಹಾಕಿದ್ದಳು.

ಇಲ್ಲಿಯವರೆಗೆ ಬಡಾಯಿ ಕೊಚ್ಚಿದ್ದೇನೆ. ಇಲ್ಲಿ ಮಾತ್ರ ಅದು ಕೈಕೊಟ್ಟಿತು. ನನಗೆ ಅಪಶಕುನದಲ್ಲಿ ನಂಬಿಕೆ ಇಲ್ಲ. ಆದರೆ ಮಂಚದ ಮೇಲೆ ಇದ್ದದ್ದು ಗೌರವ್ವ. ಒಂದು ಪಟ ಇಳಿಸಿದರೆ ಏನು ಹೋಗುತ್ತದೆ? ಅಕ್ಕನ ಕೈಯಿಂದ ಸ್ಟೂಲು ಕಿತ್ತುಕೊಂಡು ನಾನೇ ಏರಿದೆ. ಎರಡೂ ಕೈಯಿಂದ ಚೌಕಟ್ಟು ಹಿಡಿದೆ. ನನ್ನ ಮೂಗಿನ ಮುಂದೆ ಅವಳ ಹಲ್ಲಿಲ್ಲದ ಸಂದು.

"ಕೈ ತಗೀರಿ."

ಧ್ವನಿ ಹಿಂದಿನಿಂದ ಬಂತು. ಸಣ್ಣದು, ಆದರೆ ಅಡತಿಯಲ್ಲಿ ಕೊಳೆತ ಹಣ್ಣು ಎತ್ತಿ ಬಿಸಾಡುವಾಗಿನ ಅದೇ ಧ್ವನಿ.

"ಗೌರೀ, ನೀ ನೆಟ್ಟಗಾದ ಮ್ಯಾಲ ಮತ್ತ ಏರಸ್ತೇನಿ."

"ನೆಟ್ಟಗಾಗದ ಹೋದ್ರ?"

ನಾನು ಚೌಕಟ್ಟು ಹಿಡಿದೇ ತಿರುಗಿ ನೋಡಿದೆ.

"ಆಗ ಅಂತೂ ಏರಸ ಏರಸ್ತೀರಿ, ಮಾಲಿ ಹಾಕಿ. ಅಲ್ಲೇನ್ರಿ? ಇದ್ರೂ ಏರಾಕಿ, ಹೋದ್ರೂ ಏರಾಕಿ. ನಡುವ ಇಳದು ಏನ್ ಮಾಡಲಿ?" ಉಸಿರು ಎಳೆದುಕೊಂಡು ನೀಲಕ್ಕನ ಕಡೆ ತಿರುಗಿದಳು. "ಅಕ್ಕಾರ, ಗೋಡಿ ಮ್ಯಾಲಿನಾಕಿ ಹಣಿ ಮುಟ್ಟಿ ನೋಡ್ರಿ. ಅಕಿಗೂ ಜ್ವರಾ ಬಂದಾವೇನು? ಇಲ್ಲಲ್ಲ? ಹಂಗಾರ ನನ್ನ ಜ್ವರಕ್ಕೂ ಅಕಿಗೂ ಸಂಬಂಧ ಇಲ್ಲ. ಈ ಮನ್ಯಾಗ ಒಬ್ಬಾಕಿ ನಗಾಕತ್ತಾಳ. ಅಕಿನ್ನೂ ಮಲಗಸ್ತೀರೇನು?"

ಸ್ಟೂಲಿನ ಮೇಲೆ ನಿಂತ ನಾನು ಇಳಿದೆ. ನೀಲಕ್ಕ ಒಳಗೆ ಹೋಗಿ ಗಂಜಿಗೆ ಇಟ್ಟಳು. ಓಣಿಯವರು ಬಾಗಿಲಲ್ಲಿ ಗುಸುಗುಸು ಅಂದಾಗ, "ಚಿತ್ರಾ ನೋಡಾಕ ಬಂದ್ರ ಚಪ್ಪಲಿ ಬಿಟ್ಟು ಬರ್ರಿ, ಪೇಶಂಟ್ ನೋಡಾಕ ಬಂದ್ರ ಹಣ್ಣ ತರ್ರಿ, ಲಿಂಬಿ ಬಿಟ್ಟು!" ಅಂತ ಗದರಿದೆ. ನನ್ನ ಧ್ವನಿ ನನಗೆ ತಿರುಗಿ ಸಿಕ್ಕಿತ್ತು.

ಜ್ವರ ಹೇಳದೆ ಕೇಳದೆ ಬಂದ ಹಾಗೆಯೇ ಇಳಿಯಿತು. ಸಲೈನಿನಿಂದ ಇಳಿಯಿತು, ಗಂಜಿಯಿಂದ ಇಳಿಯಿತು. ನೀಲಕ್ಕ ತನ್ನ ಹರಕೆಯಿಂದ ಅಂದಳು, ಯಾರೂ ವಾದಿಸಲಿಲ್ಲ. ಗೌರವ್ವ ಗೋಡೆ ಹಿಡಿದು ನಡೆಯುವಂತಾದ ಮೇಲೆ ಸಲ್ಮಾಗೆ ಸುದ್ದಿ ಮುಟ್ಟಿಸಿದೆ. ಬಂದವಳು ಕುಂಕುಮದ ಗುಡ್ಡೆ ನೋಡಿ ತುಟಿ ಕಚ್ಚಿದಳು. ಸುಜಾತಾ ಬಾಗಿಲ ಮರೆಯಲ್ಲಿ ನಿಂತಿದ್ದಳು, ನೀಲಕ್ಕ ಕಂಬಕ್ಕೆ ಒರಗಿ ಕುಳಿತಿದ್ದಳು.

"ತಗೀಬಹುದು ಆಯಿ. ಸಣ್ಣ ಚಾಕು, ಬಣ್ಣಾ ತಂದೇನಿ. ಕೆರೆದು, ಆ ಜಾಗಾ ಮತ್ತ ಬರೀತೇನಿ. ಮೊದಲಿನಂಗ ಆಕ್ಕೈತಿ."

ಚಿತ್ರವನ್ನು ಇಳಿಸಿ ಗೌರವ್ವನ ಮುಂದೆ ಹಿಡಿದೆವು. ಸೊರಗಿದ ಮುಖ ತಂದು ನಗುವ ಮುಖಕ್ಕೆ ಹತ್ತಿರ ಇಟ್ಟು ನೋಡಿದಳು.

"ಕೆರೀಬ್ಯಾಡ. ನನ್ನ ಸೊಸಿ ಹಚ್ಚಿದ್ದು ಇರ್ಲಿ. ಆದ್ರ ವಾರಿ ಆಗೇತಿ. ನಾ ಯಾವತ್ತರ ವಾರಿ ಹಚ್ಕೊಂಡೇನೇನು? ನೆಟ್ಟಗ ಮಾಡು."

ಸಲ್ಮಾ ತಲೆ ಅಲ್ಲಾಡಿಸಿದಳು. "ಅದನ್ನ ನಾ ಮಾಡೂದಿಲ್ಲ ಆಯಿ. ಆ ದಿನಾ ನಿಮ್ಮ ಹಣಿ ಮ್ಯಾಲ ಬೆವರ ಬಿಟ್ಟು ಏನೂ ಇರಲಿಲ್ಲ. ನಾ ಕಂಡದ್ದು ಬರದೇನಿ. ತಗಿ ಅಂದ್ರ ತಗೀತೇನಿ, ಬಿಡು ಅಂದ್ರ ಬಿಡತೇನಿ. ಕಾಣದ್ದನ್ನ ಹಚ್ಚಾಕ ನನ್ನ ಕೈ ಏಳೂದಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ದನದ ಸಂತೆಯಲ್ಲೂ ನಾನು ಅಂಥ ವ್ಯವಹಾರ ಕಂಡಿಲ್ಲ. ಆಮೇಲೆ ಗೌರವ್ವ ಕೈ ಚಾಚಿ, ಸಲ್ಮಾಳ ಬಣ್ಣ ಕಲಸುವ ಹಲಗೆಯ ಮೇಲಿದ್ದ ಕೆಂಪಿನಲ್ಲಿ ಹೆಬ್ಬೆರಳು ಅದ್ದಿದಳು.

"ಬ್ಯಾಡ ಬಿಡು. ನನ್ನ ಹಣಿಗೆ ನಾ ಹಚ್ಕೊಳ್ಳಾಕ ನಿನ್ನ ಪರವಾನಿಗಿ ಯಾಕ ಬೇಕು?"

ಸಲ್ಮಾ ಚೌಕಟ್ಟು ಅಲ್ಲಾಡದಂತೆ ತಾನೇ ಎರಡೂ ಕೈಯಿಂದ ಹಿಡಿದು ನಿಂತಳು. ಗೌರವ್ವನ ಬೆರಳು ಚಿತ್ರದ ಹಣೆಯ ಹತ್ತಿರ ಹೋಗಿ, ಗಾಳಿಯಲ್ಲಿ ನಿಂತಿತು.

ಕಂಬದ ಕಡೆಯಿಂದ ನೀಲಕ್ಕ ಸಿಡುಕಿದಳು:

"ಅಲ್ಲಲ್ಲ, ಇನ್ನಾ ಒಂಚೂರ ಬಲಕ್ಕ!"